ಉಪ್ಪಿನ ತೂಕ

ಶನಿವಾರ ನಮ್ಮ ಮನೆಯಲ್ಲಿ ಮೀನು ಮಾಂಸ ಮುಟ್ಟುವುದಿಲ್ಲ. ಅದು ಮನೆದೇವರ ವಾರ. ಸೋಮವಾರವೂ ಇಲ್ಲ, ಅದು ಈಶ್ವರನದು. ಗುರುವಾರವನ್ನು ಇತ್ತೀಚೆಗೆ ನನ್ನ ಹೆಂಡತಿ ಸೇರಿಸಿಕೊಂಡಿದ್ದಾಳೆ. ಯಾವ ದೇವರಿಗೆ ಎಂದು ಕೇಳುವ ಧೈರ್ಯ ನನಗೆ ಬಂದಿಲ್ಲ. ಉಳಿದ ದಿನಗಳಲ್ಲಿ ಹಬ್ಬ, ಹುಣ್ಣಿಮೆ, ಏಕಾದಶಿ, ನೆಂಟರ ಗೃಹಪ್ರವೇಶ ಎಲ್ಲ ಕಳೆದು ಮಿಕ್ಕುವುದು ಭಾನುವಾರ ಒಂದೇ. ನಮ್ಮ ಮಂಡ್ಯ ಸೀಮೆಯ ಮೀನುಗಳು ಇಷ್ಟಾದರೂ ಬದುಕಿರುವುದು ನೀರಿನ ಗುಣದಿಂದಲ್ಲ, ಪಂಚಾಂಗದ ದಯೆಯಿಂದ ಎಂದು ನನ್ನ ಅನುಮಾನ.

ಇಷ್ಟು ಗೊತ್ತಿದ್ದೂ ನಾನು ಒಂದು ಸಂಜೆ ಪಾಂಡವಪುರದ ಟೀ ಅಂಗಡಿಯೊಂದರಲ್ಲಿ ಮೂವರು ಹಳೆಯ ಗೆಳೆಯರ ಮುಂದೆ, "ಒಂದು ಶನಿವಾರ, ಭಾನುವಾರ ಮೀನು ಹಿಡಿಯೋ ಪಂದ್ಯ ಇಟ್ಕೊಳ್ಳೋಣ ಕಣ್ರೋ" ಎಂದುಬಿಟ್ಟೆ.

ನಾಗಮಂಗಲದವನು ಬನ್ನನ್ನು ಟೀಗೆ ಅದ್ದಿದವನು ಹಾಗೇ ನಿಲ್ಲಿಸಿ, "ಸನಿವಾರ ಹಿಡಿದಿದ್ನ ಯಾವಾಗ್ಲಾ ತಿನ್ನೋದು?" ಎಂದ. ಅಷ್ಟರಲ್ಲಿ ಬನ್ನು ಕಳಚಿ ಲೋಟದೊಳಕ್ಕೆ ಬಿತ್ತು. ನಮ್ಮ ಪಂದ್ಯದಲ್ಲಿ ಮೊದಲು ಮುಳುಗಿದ್ದು ಅದೇ.

ಈ ಹುಚ್ಚು ನನಗೆ ಹತ್ತಿದ್ದು ಸಿಯಾಟಲ್‌ನಲ್ಲಿ. ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಹೋಗಿದ್ದೆವು. ನಾವಿಬ್ಬರೂ ಎನ್ನುವುದು ವಿಮಾನದ ಟಿಕೆಟ್ಟಿನ ಲೆಕ್ಕ; ಬಾಣಂತನ ಮಾಡಿದವಳು ಒಬ್ಬಳೇ. ಬಾಣಂತಿ ಮನೆಯಲ್ಲಿ ಗಂಡಸು ಒನಕೆ ಇದ್ದ ಹಾಗೆ, ಮಲಗಿಸಿದರೂ ಅಡ್ಡ, ನಿಲ್ಲಿಸಿದರೂ ಅಡ್ಡ. ನಾಲ್ಕನೇ ವಾರಕ್ಕೆ ನನ್ನ ಹೆಂಡತಿಯೇ ಅಳಿಯನನ್ನು ಕರೆದು, "ಇವರನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗಪ್ಪಾ" ಎಂದಳು. ಅವನು ಕರೆದುಕೊಂಡು ಹೋದದ್ದು ಸಮುದ್ರಕ್ಕೆ.

ಆ ಊರಿನ ಪಕ್ಕ ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ತೋಳು ಇದೆ. ನಮ್ಮ ಕನ್ನಂಬಾಡಿಯ ಹಿನ್ನೀರನ್ನು ಹತ್ತಾರು ಪಾಲು ಹಿಗ್ಗಿಸಿ, ಉಪ್ಪು ಬೆರೆಸಿ, ಸುತ್ತ ದೇವದಾರು ಮರಗಳನ್ನು ನೆಟ್ಟರೆ ಸುಮಾರು ಹಾಗೆ ಕಂಡೀತು. ಬೇಸಿಗೆಯ ಕೊನೆಗೆ ಅಲ್ಲಿಗೆ ಸಾಲ್ಮನ್ ಮೀನುಗಳು ಬರುತ್ತವೆ. ಆಗ ವಾರಾಂತ್ಯದಲ್ಲಿ ಡರ್ಬಿ ಎಂದು ಮಾಡುತ್ತಾರೆ. ಕುದುರೆ ಇರುವುದಿಲ್ಲ, ಮೀನು. ದುಡ್ಡು ಕಟ್ಟಿ ಹೆಸರು ಬರೆಸಬೇಕು. ಎರಡು ದಿನದಲ್ಲಿ ಯಾರ ಮೀನು ಹೆಚ್ಚು ತೂಗುತ್ತದೋ ಅವರಿಗೆ ಬಹುಮಾನ. ನನ್ನ ಹೆಸರಿನಲ್ಲಿ ಕೆಲವೇ ದಿನ ನಡೆಯುವ ಲೈಸೆನ್ಸು ಬಂತು. ಅದರ ಜೊತೆಗೆ ಒಂದು ಕಾರ್ಡು. ಹಿಡಿದ ಪ್ರತಿ ಸಾಲ್ಮನ್ನನ್ನೂ ಎಲ್ಲಿ, ಯಾವತ್ತು ಎಂದು ಅದರಲ್ಲಿ ಬರೆಯಬೇಕು. ನ್ಯಾಯಬೆಲೆ ಅಂಗಡಿಯ ಪಡಿತರ ಚೀಟಿಯ ಹಾಗೆ. ಅದನ್ನು ನೋಡಿದ ಮೇಲೆ ನನಗೆ ಅಮೆರಿಕ ಸ್ವಲ್ಪ ಹತ್ತಿರದ್ದೆನಿಸಿತು.

ಬೆಳಗಿನ ಜಾವ ನಾಲ್ಕಕ್ಕೆ, ಮಂಗಟೋಪಿ ಹಾಕಿಕೊಂಡು ದೋಣಿ ಹತ್ತಿದೆವು. ಐದು ಕೆ.ಜಿ. ತೂಗುವ ಸೀಸದ ಗುಂಡಿಗೆ ದಾರ ಸಿಕ್ಕಿಸಿ ನೀರಿನ ಆಳಕ್ಕೆ ಬಿಡುತ್ತಾರೆ. ದೋಣಿ ಮೆಲ್ಲಗೆ ಹೋಗುತ್ತಿದ್ದಂತೆ ಹಿಂದೆ ಎಲ್ಲೋ ಕತ್ತಲಲ್ಲಿ ಪ್ಲಾಸ್ಟಿಕ್ಕಿನ ಎರೆ ಕುಣಿಯುತ್ತಿರುತ್ತದೆ. ಎರಡು ಗಂಟೆ ಏನೂ ಇಲ್ಲ. ಆಮೇಲೆ ನನ್ನ ಕೋಲು ಬಾಗಿತು. ಅಳಿಯ "ಸುತ್ತಿ ಮಾವ, ಸುತ್ತಿ" ಎಂದು ಕೂಗಿದ. ಬಾವಿಯಿಂದ ಕೊಡ ಎಳೆದ ಕೈಗೆ ಅದೇನು ಮಹಾ ಎಂದುಕೊಂಡಿದ್ದೆ. ಕೊಡ ನಮ್ಮನ್ನು ವಾಪಸ್ಸು ಎಳೆಯುವುದಿಲ್ಲ, ಇದು ಎಳೆಯಿತು. ಹತ್ತು ನಿಮಿಷಕ್ಕೆ ದೋಣಿಯ ಪಕ್ಕ ಬಂದು ಮಗ್ಗುಲಾಯಿತು. ಬೆನ್ನು ಕಡುಹಸಿರು, ಹೊಟ್ಟೆ ಹೊಸ ಸ್ಟೀಲ್ ತಟ್ಟೆ. ಅಲ್ಲಿಯ ಜನ ರಾಜ ಎಂದೇ ಕರೆಯುವ ಚಿನೂಕ್ ಜಾತಿ.

ಅಳಿಯ ಬಗ್ಗಿ ನೋಡಿದವನು, "ಬಿಡಬೇಕು ಮಾವ" ಎಂದ.

ಮೀನಿನ ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಹುಣಸೆ ಬೀಜದಷ್ಟು ದಪ್ಪದ ಒಂದು ಸಣ್ಣ ಮಾಂಸದ ರೆಕ್ಕೆ ಇರುತ್ತದೆ. ಮರಿ ಮಾಡಿಸುವ ಕೇಂದ್ರಗಳಲ್ಲಿ ಹುಟ್ಟಿಸಿ ಬಿಟ್ಟ ಮೀನಾದರೆ ಮರಿಯಾಗಿದ್ದಾಗಲೇ ಆ ರೆಕ್ಕೆಯನ್ನು ಕತ್ತರಿಸಿರುತ್ತಾರೆ. ರೆಕ್ಕೆ ಇದ್ದರೆ ಅದು ಹೊಳೆಯಲ್ಲಿ ತಾನಾಗಿ ಹುಟ್ಟಿದ್ದು. ಆ ಕಡಲ ತೋಳಿನ ಕಾಡು ಚಿನೂಕನ್ನು 1999ರಲ್ಲೇ ಅಪಾಯದ ಪಟ್ಟಿಗೆ ಸೇರಿಸಿದ್ದಾರೆ. ಅದನ್ನು ದೋಣಿಯೊಳಕ್ಕೆ ಎತ್ತುವಂತೆಯೂ ಇಲ್ಲ. ಕೊಕ್ಕೆಗೆ ಮುಳ್ಳು ಇರಬಾರದೆಂಬ ನಿಯಮ ಇರುವುದೂ ಅದಕ್ಕೇ, ಸುಲಭವಾಗಿ ಬಿಡಿಸಲಿ ಎಂದು. ನನ್ನ ಮೀನಿಗೆ ಆ ಹುಣಸೆಬೀಜ ಇತ್ತು. ಅಳಿಯ ಕೊಕ್ಕೆ ತಿರುಗಿಸಿದ. ಬಾಲದಿಂದ ನನ್ನ ಮುಖಕ್ಕೆ ಒಂದು ಬೊಗಸೆ ನೀರೆರಚಿ ಅದು ಹೋಯಿತು. ತುಟಿ ನೆಕ್ಕಿಕೊಂಡೆ. ಉಪ್ಪು. ಪಂದ್ಯದಲ್ಲಿ ನನಗೆ ಸಿಕ್ಕಿದ್ದು ಅಷ್ಟೇ.

ಮಾರನೇ ವಾರ ಮಗಳು ಮಗುವನ್ನೆತ್ತಿಕೊಂಡು ಬ್ಯಾಲರ್ಡ್ ಎಂಬಲ್ಲಿಗೆ ಕರೆದುಕೊಂಡು ಹೋದಳು. ಅಲ್ಲಿ ಕಡಲಿಗೂ ಕೆರೆಗೂ ನಡುವೆ ಕಟ್ಟಿದ ಬಾಗಿಲುಗಳ ಪಕ್ಕದಲ್ಲಿ ಮೀನಿಗೆಂದೇ ಮೆಟ್ಟಿಲುಗಳಿವೆ. ಗಾಜಿನ ಕಿಟಕಿಯಾಚೆ ಸಾಲ್ಮನ್‌ಗಳು ಒಂದೊಂದೇ ಮೆಟ್ಟಿಲು ಹಾರಿ ಮೇಲಕ್ಕೆ ಹೋಗುತ್ತಿದ್ದವು. ಹೊಳೆಯಲ್ಲಿ ಹುಟ್ಟಿ, ಕಡಲಿಗೆ ಹೋಗಿ, ಮೂರು ನಾಲ್ಕು ವರ್ಷ ಉಂಡು ಬೆಳೆದು, ಹುಟ್ಟಿದ ಹೊಳೆಯ ನೀರಿನ ವಾಸನೆ ಹಿಡಿದು ವಾಪಸ್ಸು ಬರುತ್ತವಂತೆ. ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತವಂತೆ. "ಹುಟ್ಟಿದೂರಿಗೆ ವಾಪಸ್ ಬರೋದು ಅಂದ್ರೆ ಇದಪ್ಪಾ" ಎಂದಳು ಮಗಳು. ನಾನು ಕಿಟಕಿಯ ಕಡೆಗೇ ನೋಡುತ್ತಿದ್ದೆ. ಕನ್ನಂಬಾಡಿಯಲ್ಲಿ ಮೆಟ್ಟಿಲುಗಳಿರುವುದು ಬೃಂದಾವನಕ್ಕೆ ಇಳಿಯುವ ಜನಕ್ಕೆ ಎಂದು ಹೇಳಬೇಕೆನಿಸಿತ್ತು. ಹೇಳಲಿಲ್ಲ.

ಇದನ್ನೆಲ್ಲ ಟೀ ಅಂಗಡಿಯಲ್ಲಿ ವರದಿ ಮಾಡಿದೆ. ನಾವು ನಾಲ್ವರು ಒಂದು ಕಾಲದಲ್ಲಿ ಮೈಸೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು, ನಾಲ್ಕು ತಾಲ್ಲೂಕಿನವರು. ಅಂದಿನಿಂದ ಹೆಸರು ಹಿಡಿದು ಕರೆಯುವುದೇ ಇಲ್ಲ, ತಾಲ್ಲೂಕು ಹಿಡಿದೇ ಕರೆಯುವುದು. ಶ್ರೀರಂಗಪಟ್ಟಣದವನು ಪಟ್ಣ; ಪಾಂಡವಪುರದವನಿಗೆ ಅವನೂರಿನ ಬ್ರಿಟಿಷರ ಕಾಲದ ಹೆಸರು, ಫ್ರೆಂಚ್ ರಾಕ್ಸು; ಕೆ.ಆರ್. ಪೇಟೆಯ ನಾನು ಪೇಟೆ. ನಾಗಮಂಗಲದವನು ಮಾತ್ರ ಬರೀ ಮಂಗಳ. ಪಟ್ಣ ರಿಟೈರಾದ ಗುಮಾಸ್ತ, ಫ್ರೆಂಚ್ ರಾಕ್ಸು ಕಬ್ಬು ಮತ್ತು ಆಲೆಮನೆ, ನಾನು ಮೇಷ್ಟ್ರು, ಮಂಗಳ ರಾಗಿ ಹೊಲ ಮತ್ತು ಎರಡು ಬತ್ತಿದ ಬೋರು.

"ಉಪ್ಪು ನೀರು ಬೇಕಾ ನಿಮ್ ಪಂದ್ಯಕ್ಕೆ? ನಮ್ಮೂರ ಬೋರಿಗೆ ಬನ್ನಿ" ಎಂದ ಮಂಗಳ. ಉಳಿದ ಮೂರು ತಾಲ್ಲೂಕಿಗೆ ಹೊಳೆ, ಕಟ್ಟೆ, ನಾಲೆ ಇವೆ. ಅವನದು ಮಳೆ ನಂಬಿದ ಕೆರೆಗಳ ನಾಡು. ಕೆರೆ ತುಂಬಿದರೆ ಊಟ, ಬತ್ತಿದರೆ ಬೆಂಗಳೂರು. ಮೀನಿನ ಪಂದ್ಯದಲ್ಲಿ ಅವನನ್ನು ನಾವು ಲೆಕ್ಕಕ್ಕೇ ಹಿಡಿಯಲಿಲ್ಲ.

ನಿಯಮಗಳು ಹೀಗೆ ಇತ್ಯರ್ಥವಾದವು. ಅವರವರ ತಾಲ್ಲೂಕಿನ ನೀರಿನಲ್ಲೇ ಹಿಡಿಯಬೇಕು. ಗಾಳ ಮಾತ್ರ; ಬಲೆ, ಮದ್ದು ಕೂಡದು. ಮೀನು ಪಾಶುವಾರು ಹಿಡಿದವರ ಒಪ್ಪಿಗೆ ಪಡೆದಿರಬೇಕು. ರಂಗನತಿಟ್ಟಿನ ಕಡೆ ತಲೆ ಹಾಕುವಂತಿಲ್ಲ; ಅದು ಪಕ್ಷಿಧಾಮ, ಅಲ್ಲಿ ಮೀನು ಹಿಡಿಯುವ ಹಕ್ಕು ಕೊಕ್ಕಿಗೆ ಮಾತ್ರ. ಶನಿವಾರ ಬೆಳಿಗ್ಗೆ ಶುರು, ಭಾನುವಾರ ಹನ್ನೊಂದಕ್ಕೆ ಫ್ರೆಂಚ್ ರಾಕ್ಸಿನ ಆಲೆಮನೆಯಲ್ಲಿ ತೂಕ. ಶನಿವಾರದ ಪ್ರಶ್ನೆಗೆ ಮಂಗಳನೇ ಪರಿಹಾರ ಕೊಟ್ಟ. "ಹಿಡಿಯೋದು ಬೇಟೆ, ತಿನ್ನೋದು ಊಟ. ದೇವ್ರಿಗೆ ಊಟದ ಲೆಕ್ಕ ಸಾಕು."

ಪಟ್ಣ ಆವತ್ತೇ ಗೆದ್ದವನಂತೆ ಕೂತಿದ್ದ. ಅವನ ಊರು ಸುತ್ತ ಕಾವೇರಿ ಇರುವ ದ್ವೀಪ. ಅವನಿಗೆ ಇತಿಹಾಸ ಬಾಯಿಪಾಠ. "1946ರಲ್ಲಿ ಕಬಿನೀಲಿ ವ್ಯಾನ್ ಇಂಗೆನ್ ಹಿಡಿದ ಬಿಳಿಮೀನು ಎಷ್ಟು ತೂಕ ಹೇಳಿ? 120 ಪೌಂಡು! 54 ಕೆ.ಜಿ.!" ಎಂದ. ವ್ಯಾನ್ ಇಂಗೆನ್ ಎಂದರೆ ಮೈಸೂರಿನಲ್ಲಿ ಸತ್ತ ಹುಲಿ ಚಿರತೆಗಳನ್ನು ಗರ್ಜಿಸುವ ಹಾಗೆ ನಿಲ್ಲಿಸುತ್ತಿದ್ದ ಮನೆತನ. ಅವರ ಕೈಗೆ ಸಿಕ್ಕ ಆ ಮೀನು ಮಾಶೀರ್, ಕಾವೇರಿ ಕೊಳ್ಳದ್ದೇ ಆದ ಗೂನುಬೆನ್ನಿನ ಜಾತಿ. ಅದಕ್ಕೆ ದೊರೆಗಳು ಹಾಕುತ್ತಿದ್ದ ಎರೆ ಏನು? ಕಾವೇರಿ ದಂಡೆಯಲ್ಲಿ ಮಾಶೀರ್ ಹಿಡಿಯುವವರು ಬೇಯಿಸಿದ ರಾಗಿ ಹಿಟ್ಟಿನ ಉಂಡೆಯನ್ನೇ ಕೊಕ್ಕೆಗೆ ಮೆತ್ತುತ್ತಿದ್ದರು. ಜಗತ್ತಿನ ಶ್ರೀಮಂತರು ವಿಮಾನ ಹತ್ತಿ ಬಂದು ನಮ್ಮ ಮುದ್ದೆಯನ್ನು ಮೀನಿಗೆ ಉಣಿಸಿದ್ದಾರೆ. "ನಾವ್ ದಿನಾ ನುಂಗ್ತೀವಿ. ನಮ್ನ ಯಾರೂ ಎಳ್ಕೊಳ್ಳಲಿಲ್ವಲ್ಲಾ" ಎಂದ ಮಂಗಳ.

ಹೇಮಗಿರಿ ಜಾತ್ರೆ ಮುಗಿದ ಮೇಲಿನ ಒಂದು ಶನಿವಾರ. ಬೆಳಕು ಹರಿಯುವ ಮೊದಲೇ ನಾನು ಅಕ್ಕಿಹೆಬ್ಬಾಳಿನ ಕಡೆ ಹೇಮಾವತಿಯ ದಂಡೆಯಲ್ಲಿದ್ದೆ. ತೆಂಗಿನ ಬುಡದ ಹಸಿಮಣ್ಣು ಕೆದಕಿ ತೆಗೆದ ಎರೆಹುಳು ಒಂದು ತೆಂಗಿನ ಚಿಪ್ಪಿನಲ್ಲಿ. ಹಿಂದಿನ ರಾತ್ರಿಯ ಮುದ್ದೆ ಅಂಗೈಯಗಲ. ಹಿತ್ತಲ ಬಿದಿರು ಕಡಿದು ಒಲೆಯ ಹೊಗೆಗೆ ಒಣಗಿಸಿದ ಗಾಳದ ಕಡ್ಡಿ. ಬೆಂಡಿಗೆ ಒಣ ಜೋಳದ ದಂಟು.

ಗಾಳ ಹಾಕುವವನಿಗೆ ಹೊಳೆ ಕಾಣುವುದಿಲ್ಲ, ಬೆಂಡು ಕಾಣುತ್ತದೆ. ಕಿರುಬೆರಳುದ್ದದ ಆ ದಂಟಿನ ಚೂರು ನೀರಿನ ಮೇಲೆ ನಿಂತಿದ್ದರೆ ಲೋಕ ನಿಂತಿದೆ. ಗಾಳಿ ಬಂದರೆ ಅದು ಓಲಾಡುತ್ತದೆ. ಅದು ಗಾಳಿ ಎಂದು ಗೊತ್ತಿದ್ದೂ ಎದೆ ಹೊಡೆದುಕೊಳ್ಳುತ್ತದೆ. ಮೀನು ಮುಟ್ಟಿದರೆ ಓಲಾಡುವುದಿಲ್ಲ, ಕುಕ್ಕುತ್ತದೆ. ಒಂದು, ಎರಡು. ಆಮೇಲೆ ಯಾರೋ ಕೆಳಗಿಂದ ಕರೆದ ಹಾಗೆ ಸರ್ರನೆ ಒಳಕ್ಕೆ. ಆಗ ಎಳೆಯಬೇಕು. ಮೊದಲೇ ಎಳೆದರೆ ಬರಿಯ ಕೊಕ್ಕೆ, ತಡವಾದರೂ ಬರಿಯ ಕೊಕ್ಕೆ. ಮೂವತ್ತು ವರ್ಷ ತರಗತಿಯಲ್ಲಿ ಮಕ್ಕಳಿಗೆ ಗಮನವಿಟ್ಟು ಕೇಳಿ ಎಂದು ಬೈದವನು ನಾನು. ಗಮನ ಎಂದರೇನೆಂದು ಆ ಬೆಂಡಿನ ಮುಂದೆ ತಿಳಿಯಿತು.

ಒಂಬತ್ತು ಗಂಟೆಯ ಹೊತ್ತಿಗೆ ಮೀನುಗಳು ನನ್ನ ಮುದ್ದೆಯನ್ನು ಪಂಕ್ತಿಯಲ್ಲಿ ಕೂತವರ ಹಾಗೆ ತಿಂದು ಮುಗಿಸಿದ್ದವು. ಎರೆಹುಳು ಸಿಕ್ಕಿಸಿದೆ. ಬೆಂಡು ಮುಳುಗಿತು. ಎಳೆದೆ. ಬಂದದ್ದು ಗಿರ್ಲು, ಮಧ್ಯದ ಬೆರಳಿನುದ್ದ, ಮೀಸೆ ಮಾತ್ರ ಊರ ಪಟೇಲನದು. ಬಿಡಿಸಲು ಹೋದವನಿಗೆ ಕಿವಿಯ ಪಕ್ಕದ ಮುಳ್ಳು ಹೆಬ್ಬೆರಳಿಗೆ ಇಳಿಯಿತು. ಉರಿ ಎಂದರೆ, ಚೇಳು ನೆನಪಾಗುವಂಥ ಉರಿ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬಳು, "ಉಪ್ಪು ತಿಕ್ಕಪ್ಪಾ" ಎಂದಳು. ಉಪ್ಪು ಎಲ್ಲಿಂದ ತರಲಿ? ಸಿಯಾಟಲ್ಲಿನಲ್ಲಿ ತುಟಿ ತುಂಬ ಇತ್ತು.

ಮಧ್ಯಾಹ್ನ ಫೋನಿನಲ್ಲಿ ಸಮಾಚಾರಗಳು ಬಂದವು. ಪಟ್ಣ ಬೆಳಿಗ್ಗೆ ಸಂಗಮದ ಕಡೆ ಹೊರಟವನನ್ನು ಹೆಂಡತಿ ಬಾಗಿಲಲ್ಲೇ ತಡೆದಿದ್ದಳು: "ಅಲ್ಲಿ ಮೀನು ತಿನ್ನೋದು ಏನು ಅಂತ ಗೊತ್ತಾ? ಊರೂರಿಂದ ಬಂದು ಬಿಡೋ ಪಿಂಡ, ಬೂದಿ. ತಂದ್ರೆ ನಾನು ಅಡಿಗೆಮನೇಗೆ ಸೇರಿಸಲ್ಲ." ಪಶ್ಚಿಮವಾಹಿನಿಯಾದರೂ ಅದೇ ಕಥೆ. ಹೀಗೆ ತೀರ್ಥದ ಹೊಳೆಯಲ್ಲಿ ಮೀನಿಗೆ ಮತ್ತೊಂದು ಅಭಯ. ಕೊನೆಗೆ ಅವನು ಮಹದೇವಪುರದ ಕಡೆ ಹೋಗಿ ಬಂಡೆಯೊಂದರ ಮೇಲೆ ಕೂತಿದ್ದ. ಎದುರಿನ ಬಂಡೆಯ ಪಕ್ಕ ಒಂದು ಮರದ ದಿಮ್ಮಿ ತೇಲುತ್ತಿತ್ತು. ದಿಮ್ಮಿ ಕಣ್ಣು ಮಿಟುಕಿಸಿತು. ಕಾವೇರಿಯ ಆ ಭಾಗದಲ್ಲಿ ಮೊಸಳೆಗಳಿರುವುದು ಅವನಿಗೂ ಗೊತ್ತು. ಗೊತ್ತಿರುವುದು ಬೇರೆ, ಕಣ್ಣಿಗೆ ಕಣ್ಣು ಕೂಡುವುದು ಬೇರೆ. ಆಮೇಲೆ ಅವನು ಸಂಜೆಯವರೆಗೂ ಮೀನು ನೋಡಲಿಲ್ಲ, ದಿಮ್ಮಿ ನೋಡಿದ.

ಫ್ರೆಂಚ್ ರಾಕ್ಸು ತೊಣ್ಣೂರು ಕೆರೆಯಲ್ಲಿದ್ದ. ಮಗ ತರಿಸಿಕೊಟ್ಟ ಫೈಬರ್ ಕೋಲು, ಚಕ್ರ, ಕಪ್ಪು ಕನ್ನಡಕ. ಆ ಕೆರೆಯ ನೀರು ಎಷ್ಟು ತಿಳಿ ಎಂದರೆ ಹಿಂದೆ ಅದಕ್ಕೆ ಮೋತಿ ತಲಾಬ್, ಮುತ್ತಿನ ಕೆರೆ ಎಂದೇ ಹೆಸರಾಗಿತ್ತು. "ಅದೇ ತೊಂದ್ರೆ ಕಣ್ಲಾ. ನನ್ ಮುಖ ಅವಕ್ಕೆ ಕಾಣ್ತದೆ" ಎಂದ. ಆದರೂ ಸಂಜೆ ಏಳಕ್ಕೆ ಒಂದೇ ಸಾಲಿನ ಸಂದೇಶ ಬಂತು: ದೊಡ್ಡದು ಬಿದ್ದಿದೆ.

ಮಂಗಳ ಫೋನೇ ಎತ್ತಲಿಲ್ಲ.

ಭಾನುವಾರ ಹನ್ನೊಂದಕ್ಕೆ ಆಲೆಮನೆ ಸೇರಿದೆವು. ಕಬ್ಬಿನ ಹಾಲು ಕುದಿಯುವ ವಾಸನೆಯ ನಡುವೆ ಮೀನಿನ ವಾಸನೆ ಸೋತುಹೋಗಿತ್ತು. ಪಟ್ಣ ಒಂದು ಪ್ಲಾಸ್ಟಿಕ್ ಕವರಿನಿಂದ ಅಂಗೈಯಷ್ಟು ಜಿಲೇಬಿ ಮೀನು ತೆಗೆದು, ನಾವು ನೋಡುವ ಮೊದಲೇ ಮತ್ತೆ ಒಳಗಿಟ್ಟ. ನನ್ನ ಗಿರ್ಲು ಒಂದು ಬಾಟಲಿಯೊಳಗೆ ಮೀಸೆ ತಿರುವುತ್ತ ಈಜುತ್ತಿತ್ತು. ಫ್ರೆಂಚ್ ರಾಕ್ಸು ಒಳಗಿಂದ ಹಿರಿಯಣ್ಣನಂಥ ಕಟ್ಲಾವನ್ನು ಎರಡೂ ಕೈಯಲ್ಲಿ ಮದುಮಗಳ ಹಾಗೆ ಕರೆತಂದು ಬಾಳೆಲೆಯ ಮೇಲೆ ಮಲಗಿಸಿದ. ನಮಗೆ ಮಾತು ನಿಂತಿತು.

ಆಗ ಮಂಗಳನ ಟಿ.ವಿ.ಎಸ್. ಬಂತು. ಹಿಂದೆ ಒದ್ದೆ ಗೋಣಿ ಮುಚ್ಚಿದ ಬಕೆಟ್ಟು. ಗೋಣಿ ತೆಗೆದ. ಒಳಗೆ ಕಪ್ಪಗೆ, ಹಾವಿನ ತಲೆಯ ಒಂದು ಕೊರವ ಮೇಲೆ ಬಂದು ಗುಟುಕು ಗಾಳಿ ಕುಡಿದು ಮತ್ತೆ ಕೆಳಗೆ ಹೋಯಿತು.

"ಜೀವ ಐತೆ!" ಎಂದ ಪಟ್ಣ.

"ಅದಕ್ಕೆ ಜೀವ ಗಟ್ಟಿ. ಊರ ಕೆರೆ ಮೂಲೇಲಿ ಇಷ್ಟ್ ನೀರೈತೆ. ಕಪ್ಪೆ ಮರಿ ಸಿಗಿಸಿ ಬಿಟ್ಟೆ, ನಿನ್ನೆ ಹತ್ ಗಂಟೇಗೇ ಬಿತ್ತು. ಸನಿವಾರ ಅಲ್ವಾ, ಮನೆ ಒಳೀಕ್ ತರಬ್ಯಾಡ ಅಂದ್ಲು ನಮ್ಮೋಳು. ಅಜ್ಜನ ಕಾಲದ ಹಂಡೆ ಹೊಂಗೆ ಮರದ ಕೆಳೀಕ್ ಇಟ್ಟು, ನೀರ್ ಹಾಕಿ ಬಿಟ್ಟೆ. ಹಾರ್ತದೆ ಅಂತ ಮ್ಯಾಲೆ ಕಲ್ಲು ಹೇರಿದ್ದೆ. ರಾತ್ರಿಯೆಲ್ಲಾ ಒಳಗೆ ಡಬ್ ಡಬ್ ಅಂತ ಸದ್ದು. ಯಾರೋ ಬಾಗಿಲು ಬಡ್ದಂಗೆ."

ಮನುವಿನ ಬೊಗಸೆಗೆ ಬಂದ ಮೀನು ಬಿಂದಿಗೆಗೆ, ಕೊಳಕ್ಕೆ, ಹೊಳೆಗೆ ಬೆಳೆದು ಕಡಲು ಸೇರಿದ ಕಥೆಯನ್ನು ಮಕ್ಕಳಿಗೆ ನಾನು ಎಷ್ಟು ಸಲ ಹೇಳಿದ್ದೇನೋ. ಮಂಗಳನ ಮೀನು ಹಂಡೆಯಲ್ಲಿ ಒಂದು ರಾತ್ರಿ ಕಳೆದೂ ಬೆಳೆದಿರಲಿಲ್ಲ. ಆದರೆ ಬದುಕಿತ್ತು.

ತೂಕದ ಹೊತ್ತಿಗೆ ತಕರಾರು ಹುಟ್ಟಿತು. ಆಲೆಮನೆಯ ತಕ್ಕಡಿ ಬೆಲ್ಲದ ಚೀಲ ತೂಗುವುದು. ನಮ್ಮ ಮೀನುಗಳನ್ನು ಇಟ್ಟರೆ ಅದು ಯಾವ ನೊಣ ಕೂತಿತು ಎನ್ನುವ ಹಾಗೆ ಅಲ್ಲಾಡಲೇ ಇಲ್ಲ. ಊರ ದಿನಸಿ ಅಂಗಡಿಗೆ ಹೋದೆವು. ಅಂಗಡಿಯವರು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಎರಡೂ ಕೈ ಮುಚ್ಚಿಕೊಂಡು, "ಇದ್ರ ಮೇಲೆ ಅರಿಶಿಣ ಕುಂಕುಮ ತೂಗ್ತೀನಿ ಸಾ. ಮೀನು ಮಡಗಿದ್ರೆ ನಾಳೆಯಿಂದ ಯಾರು ಬತ್ತಾರೆ?" ಎಂದರು. ಬರಿಗೈಯಲ್ಲಿ ಕಳಿಸಲು ಮನಸ್ಸು ಬಾರದೆ ಒಂದು ಪ್ಯಾಕೆಟ್ಟು ಪುಡಿ ಉಪ್ಪು ಕೊಟ್ಟು, "ಕಂಪ್ನಿ ಮಾಲು, ಒಂದ್ ಕೆ.ಜಿ. ಕರೆಕ್ಟಾಗಿರ್ತದೆ. ಒಂದ್ ಕಡೆ ಇದು, ಒಂದ್ ಕಡೆ ಅದು. ಆಯ್ತಲ್ಲಾ?" ಎಂದು ನ್ಯಾಯ ಹೇಳಿದರು.

ತಕ್ಕಡಿಯ ದಂಡಕ್ಕೆ ಫ್ರೆಂಚ್ ರಾಕ್ಸು ಕಬ್ಬಿನ ಜಲ್ಲೆ ತಂದ. ಕಬ್ಬಿಗೆ ಸಿಹಿ ಇರುವುದೂ ಬುಡದಲ್ಲೇ, ತೂಕ ಇರುವುದೂ ಬುಡದಲ್ಲೇ. ಅವನ ಮೀನು ಬುಡದ ಕಡೆಗೇ ತೂಗಾಡುವ ಹಾಗೆ ಹಿಡಿದಿದ್ದ. ಪಟ್ಣ ಅದನ್ನು ಹಿಡಿದುಹಾಕಿದ. ಕೊನೆಗೆ ಬಂದದ್ದು ನನ್ನ ಬಿದಿರು ಕಡ್ಡಿಯೇ; ಎರಡೂ ತುದಿ ಕತ್ತರಿಸಿ, ನಡುವಿಗೆ ದಾರ ಕಟ್ಟಿ, ಆಲೆಮನೆಯ ತೊಲೆಗೆ ನೇತು ಹಾಕಿದೆವು. ಎರಡು ದಿನದಲ್ಲಿ ಅದು ಉಪಯೋಗಕ್ಕೆ ಬಂದದ್ದು ಆಗಲೇ.

ಕಟ್ಲಾವನ್ನು ಕವರಿಗೆ ಹಾಕುವಾಗ ಮಂಗಳ ಅದರ ಕಿವಿರಿನ ಕೆಳಗೆ ಬೆರಳಿಟ್ಟ. ಬೆರಳು ತೆಗೆದು ಬೆಳಕಿಗೆ ಹಿಡಿದ. ಕಲ್ಲುಸಕ್ಕರೆಯ ಹರಳಿನಂಥದೊಂದು ಅವನ ಬೆರಳ ತುದಿಯಲ್ಲಿ ಕರಗಿ, ತೊಟ್ಟಾಗಿ, ನೆಲಕ್ಕೆ ಬಿತ್ತು.

"ಏನ್ಲಾ, ನಿಮ್ ತೊಣ್ಣೂರ್ ಕೆರೇಲಿ ಐಸ್ ಕಟ್ಟೈತಾ?"

ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕೆವು. ಅಳಿಯ ಹೇಳಿದ್ದ ಕಥೆ ನನಗೆ ಜ್ಞಾಪಕ ಬಂತು. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಈರಿ ಸರೋವರದ ಪಂದ್ಯವೊಂದರಲ್ಲಿ ಗೆಲ್ಲಲಿದ್ದ ಇಬ್ಬರ ಮೀನುಗಳನ್ನು ಅಲ್ಲೇ ಸೀಳಿ ನೋಡಿದರೆ ಹೊಟ್ಟೆಯೊಳಗೆ ಸೀಸದ ಗುಂಡುಗಳು. ಇಬ್ಬರಿಗೂ ಹತ್ತು ದಿನ ಜೈಲಾಯಿತು. ಇದನ್ನು ಹೇಳಿದಾಗ ಫ್ರೆಂಚ್ ರಾಕ್ಸು ಹೆದರಲಿಲ್ಲ. ಬಾಳೆಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮೀನಿನ ಮೇಲಿನ ನೊಣ ಓಡಿಸುತ್ತ, ನಿಧಾನವಾಗಿ ವಾದ ಮಂಡಿಸಿದ:

"ನೀನೇ ಅಲ್ವಾ ಹೇಳಿದ್ದು, ಆ ಸಾಲ್ಮನ್ನು ಹುಟ್ಟಿದೂರಿಗೆ ವಾಪಸ್ ಬತ್ತದೆ ಅಂತ? ನನ್ ಮಗನೂ ಅಂಗೇ. ಆರು ದಿನ ಬೆಂಗಳೂರು, ಸನಿವಾರ ಹೈವೇಲಿ ಈಜ್ಕಂಡು ಬತ್ತಾನೆ. ತೊಣ್ಣೂರಲ್ಲಿ ಏನೂ ಬೀಳ್ನಿಲ್ಲ, ಬರೋವಾಗ ಒಂದು ಮೀನು ತಕ್ಕಂಡ್ ಬಾ ಅಂದೆ. ಮಗ ಬಂದ, ಜೊತೇಲಿ ಮೀನು ಬಂತು. ಊರಿಗೆ ಬಂದ ಮೀನನ್ನ ಹಿಡ್ಕಂಡೆ. ತಪ್ಪಾ?"

ನಾವು ಮೂವರೂ ಸುಮ್ಮನಾದೆವು. ಪಟ್ಣನ ಮಗ ಪುಣೆಯಲ್ಲಿದ್ದಾನೆ, ಗೌರಿ ಹಬ್ಬಕ್ಕೆ ಬರುತ್ತಾನೆ. ಮಂಗಳನ ಇಬ್ಬರೂ ಬೆಂಗಳೂರಿನಲ್ಲಿ ಕ್ಯಾಬು ಓಡಿಸುತ್ತಾರೆ. ಊರ ಹಬ್ಬಕ್ಕೆ ಬಾಡಿಗೆ ಜಾಸ್ತಿ ಎಂದು ಆವತ್ತೂ ಬರುವುದಿಲ್ಲ. ನನ್ನವಳಿಗೆ ಒಂದು ಸಮುದ್ರ ಅಡ್ಡ ಇದೆ. ಪ್ರತಿ ಶನಿವಾರ ಮಗನನ್ನು ಮನೆಗೆ ಬರಮಾಡಿಕೊಳ್ಳುವವನನ್ನು ಯಾವ ನಿಯಮದಿಂದ ಸೋಲಿಸುವುದು?

ಆದರೂ ಪಂದ್ಯ ಪಂದ್ಯವೇ. ಕಟ್ಲಾ ಸಾರಿಗೆ ಹೋಯಿತು, ತೂಕಕ್ಕೆ ಬರಲಿಲ್ಲ. ಒಂದು ಕಡೆ ಉಪ್ಪು, ಒಂದು ಕಡೆ ಕೊರವ. ಒದ್ದಾಡಿದಾಗೆಲ್ಲ ಕಡ್ಡಿ ಏರುಪೇರಾಯಿತು. ಅದು ಸುಮ್ಮನಾದ ಮೇಲೆ ಉಪ್ಪು ನಾಲ್ಕು ಬೆರಳು ಕೆಳಗೆ ಬಂತು. ಕೆ.ಜಿ.ಗೆ ಸ್ವಲ್ಪ ಕಡಿಮೆ. ಹೊಳೆಯಿಲ್ಲದ, ಕಟ್ಟೆಯಿಲ್ಲದ ನಾಗಮಂಗಲ ಮೂರು ನದಿ ತಾಲ್ಲೂಕುಗಳನ್ನು ಗೆದ್ದಿತು.

ಸಾರು ಬೇಯುವಾಗ ನಾನು ಮೇಷ್ಟ್ರುತನ ತೋರಿಸದೆ ಇರಲಾಗಲಿಲ್ಲ. ಅಂದು ಬಂದ ಮೀನುಗಳ ಕುಲಗೋತ್ರ ಎಣಿಸಿದೆ. ಜಿಲೇಬಿ ಆಫ್ರಿಕದ್ದು, ನಮ್ಮ ದೇಶಕ್ಕೆ 1952ರಲ್ಲಿ ತಂದದ್ದು, ಈಗ ಮನೆಯವರಿಗಿಂತ ಅದರ ಸಂಸಾರವೇ ದೊಡ್ಡದು. ಕಟ್ಲಾ ಉತ್ತರದ ಗಂಗಾ ಬಯಲಿನದು, ಬೇಗ ಬೆಳೆಯುತ್ತದೆಂದು ನಮ್ಮ ಕೆರೆಗಳಿಗೆ ಬಿಟ್ಟದ್ದು. ಪಟ್ಣ ಹೆಮ್ಮೆಪಟ್ಟ ಮಾಶೀರಿನ ಕಥೆ ಇನ್ನೂ ವಿಚಿತ್ರ. ಅದು ಕಡಿಮೆಯಾಗುತ್ತಿದೆ ಎಂದು ಮರುಗಿದವರೇ ಲೋನಾವಳದ ಕೇಂದ್ರದಿಂದ ಬೇರೆ ಜಾತಿಯ ನೀಲಿರೆಕ್ಕೆ ಮಾಶೀರಿನ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಬಂದವು ಬೆಳೆದವು, ಇದ್ದದ್ದು ಮೂಲೆ ಸೇರಿತು. ಆ ಗೂನುಬೆನ್ನಿಗೆ ಸರಿಯಾದ ಶಾಸ್ತ್ರೀಯ ಹೆಸರು ಇದೇ ಎಂದು ಖಚಿತವಾದದ್ದು 2018ರಲ್ಲಿ, ಅಳಿವಿನ ಅಂಚಿಗೆ ಬಂದ ಮೇಲೆ. ಸಿಯಾಟಲ್ಲಿನಲ್ಲಾದರೆ ಒಂದು ಹುಣಸೆಬೀಜದ ರೆಕ್ಕೆ ಕತ್ತರಿಸಿ ಸಾಕಿದ್ದು ಯಾವುದು, ಹೊಳೆಯದು ಯಾವುದು ಎಂದು ಗುರುತಿಟ್ಟುಕೊಂಡಿದ್ದಾರೆ. ನಾವು ಗುರುತು ಹಾಕಲಿಲ್ಲ.

"ಅಂಗಾರೆ ಇವತ್ ಬಂದಿದ್ರಲ್ಲಿ ಈ ಸೀಮೇದು ಯಾವ್ದ್ಲಾ?" ಎಂದ ಮಂಗಳ.

"ಎರಡೇ. ನಿನ್ನ ಕೊರವ, ನನ್ನ ಗಿರ್ಲು."

ಅವನು ಬಕೆಟ್ಟಿನ ಕಡೆ ನೋಡಿದ. ಗೆದ್ದ ಮೀನನ್ನು ಹುರಿಯಬೇಕೆಂದು ಮಸಾಲೆ ಅರೆದಿಟ್ಟಾಗಿತ್ತು. ಉಪ್ಪಿನ ಪ್ಯಾಕೆಟ್ಟು ಒಡೆದು ಸಾರಿಗೆ ಹಾಕಿಯಾಗಿತ್ತು. "ಕಟ್ಲಾನೇ ಮೂರು ಕೆ.ಜಿ. ಐತೆ, ಸಾಕಲ್ವಾ" ಎಂದ. ಯಾರೂ ಯಾಕೆಂದು ಕೇಳಲಿಲ್ಲ. ಊಟವಾದ ಮೇಲೆ ಬಕೆಟ್ಟಿಗೆ ಎರಡು ಚೊಂಬು ನೀರು ಹೊಯ್ದು, ಗೋಣಿ ಒದ್ದೆ ಮಾಡಿ ಮುಚ್ಚಿ, ಟಿ.ವಿ.ಎಸ್. ಹತ್ತಿದ. "ಇನ್ನೆರಡ್ ತಿಂಗ್ಳಿಗೆ ಕೆರೆ ಬತ್ತೋಯ್ತದೆ. ಇದು ಕೆಸರಲ್ಲೇ ತಲೆ ಮರೆಸ್ಕಂಡು ಮಳೆ ತನಕ ಕಾಯ್ತದೆ. ಇದಕ್ಕೆ ಎಲ್ಲೀಗೂ ಹೋಗಕ್ ಬರಲ್ಲ" ಎಂದು ಹೇಳಿ ಹೊರಟ. ಗಿರ್ಲುವಿನ ಬಾಟಲಿ ನನ್ನ ಚೀಲ ಸೇರಿತು. ಅಕ್ಕಿಹೆಬ್ಬಾಳು ನನ್ನ ದಾರಿಯಲ್ಲೇ ಇತ್ತು. ಅಷ್ಟರಲ್ಲಿ ಫ್ರೆಂಚ್ ರಾಕ್ಸಿನ ಮಗನೂ ಕಾರು ತೆಗೆದ. ಸೋಮವಾರ ಬೆಳಿಗ್ಗೆ ಆಫೀಸು. ತಾಯಿ ಓಡಿಬಂದು ಕಿಟಕಿಯಲ್ಲಿ ಬೆಲ್ಲದ ಡಬ್ಬ ಇಟ್ಟಳು.

ರಾತ್ರಿ ಮಗಳು ವಿಡಿಯೋದಲ್ಲಿ ಬಂದಳು. ಅಲ್ಲಿ ಭಾನುವಾರ ಆಗಷ್ಟೇ ಬೆಳಗಾಗಿತ್ತು. ಮಗು ಅವಳ ತೊಡೆಯ ಮೇಲೆ ಕೂತು ಫೋನನ್ನು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿತ್ತು.

"ಏನಪ್ಪಾ ನಿಮ್ಮ ಡರ್ಬಿ? ಗೆದ್ದ ಮೀನು ಎಷ್ಟು ಪೌಂಡು?"

"ಒಂದು ಉಪ್ಪಿಗಿಂತ ಸ್ವಲ್ಪ ಕಡಿಮೆ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. "ನೆಟ್‌ವರ್ಕ್ ಸರಿಯಿಲ್ಲ ಅಪ್ಪಾ, ಇನ್ನೊಂದ್ಸಲ ಹೇಳಿ" ಎಂದಳು. ನಾನು ಹೇಳುವಷ್ಟರಲ್ಲಿ ಮಗು ಫೋನು ಬೀಳಿಸಿತು. ಸ್ವಲ್ಪ ಹೊತ್ತು ನನಗೆ ಅವರ ಮನೆಯ ಸೂರು ಮಾತ್ರ ಕಾಣುತ್ತಿತ್ತು.